ಮಾನ

ನಮ್ಮ ಊರಿನಲ್ಲಿ ಗೌರವವನ್ನು ಕೊಳಗದಲ್ಲಿ ಅಳೆಯುತ್ತಿದ್ದರು.
ಅಳೆಯುತ್ತಿದ್ದವನು ನಾನೇ.

ಹಿಮೆಟ್ಟಸ್ ಬೆಟ್ಟದ ಬುಡ, ಸುಗ್ಗಿ ಮುಗಿದ ಕಣ,
ಕಂಚಿನ ಪಟ್ಟಿ ಬಡಿದ ಮರದ ಕೊಳಗ,
ಬಾಯಿ ಸವರಲು ಒಂದು ಆಲಿವ್ ಕೋಲು.
ಅಥೆನ್ಸಿನ ಕಟ್ಟಳೆ ಮಕ್ಕಳಿಗೂ ಬಾಯಿಪಾಠ:
ಐನೂರು ಕೊಳಗ ಬೆಳೆದವನು ಬೊಕ್ಕಸ ಕಾಯಬಹುದು,
ಮುನ್ನೂರಕ್ಕೆ ಕುದುರೆ,
ಇನ್ನೂರಕ್ಕೆ ಒಂದು ಜೊತೆ ಎತ್ತು, ಒಂದು ಗುರಾಣಿ,
ದಂಡಿನ ಸಾಲಿನಲ್ಲಿ ಒಂದು ಜಾಗ, ಸಣ್ಣದೊಂದು ಅಧಿಕಾರ.
ಅದಕ್ಕಿಂತ ಕೆಳಗಿನವನಿಗೆ—
ಸಭೆಗೆ ಬಾ, ಕೂರು, ಕೈ ಎತ್ತು, ಮನೆಗೆ ಹೋಗು.

ಅಜ್ಜಂದಿರ ಕಾಲದಲ್ಲಿ ಕೇಳುತ್ತಿದ್ದುದು ಒಂದೇ: ಯಾರ ಮಗ?
ಈಗ ಕೇಳುವುದು: ಎಷ್ಟು ಕೊಳಗ?
ಇದೇ ವಾಸಿ ಎಂದು ನನ್ನಪ್ಪ ಸಾಯುವ ತನಕ ಹೇಳಿದ.
ಜವೆಗೆ ಕುಲವಿಲ್ಲವಲ್ಲ ಎಂದ.
ನಾನೂ ನಂಬಿದೆ. ಈಗಲೂ ಅರ್ಧ ನಂಬುತ್ತೇನೆ.

ಸ್ಮಿಕ್ರಿಯಾಸನ ಕಣಕ್ಕೆ ಹೋದ ದಿನ ಗಾಳಿ ಇರಲಿಲ್ಲ.
ಅವನು ಗೋಡೆಯಿಂದ ಅಪ್ಪನ ಗುರಾಣಿ ಇಳಿಸಿ
ಬೂದಿ ಹಾಕಿ ತಿಕ್ಕಿ ಬಾಗಿಲಲ್ಲಿ ಇಟ್ಟಿದ್ದ,
ನೆಂಟರು ಬರುವ ಮನೆಯಲ್ಲಿ ದೊಡ್ಡ ತಟ್ಟೆ ಇಡುವ ಹಾಗೆ.
ಜವೆ ನೂರ ಹನ್ನೆರಡು.
ಎಣ್ಣೆ, ದ್ರಾಕ್ಷಾರಸ ಸೇರಿ ಎಪ್ಪತ್ತೊಂದು.
ಕೋಲು ಎಳೆಯುವಾಗ ನನ್ನ ಕೈ ತುಸು ಹಗುರಾದದ್ದು ನಿಜ,
ಕೊಳಗದ ಬಾಯಲ್ಲಿ ಸಣ್ಣ ಗುಡ್ಡವೊಂದು ಉಳಿದದ್ದು ನಿಜ.
ಪಕ್ಕದಲ್ಲಿ ಐನೂರರ ಮನೆಯ ಹುಡುಗ ಸಾಕ್ಷಿ ನಿಂತಿದ್ದ. ಕೆಮ್ಮಿದ.
ಗುಡ್ಡವನ್ನು ಸವರಿದೆ.

ಹದಿನೇಳು ಕಡಿಮೆ.

ಒಳಗಿನಿಂದ ಮೆಲಿಟ್ಟ ಜೇನಿನ ಗಡಿಗೆ ಹೊತ್ತು ಬಂದಳು.
'ಇದೂ ಒದ್ದೆಯೇ ತಾನೆ? ಬರೆದುಕೋ.'
ಕಟ್ಟಳೆಯಲ್ಲಿ ಒದ್ದೆ ಎಂದರೆ ಎಣ್ಣೆ, ದ್ರಾಕ್ಷಾರಸ, ಅಷ್ಟೆ ತಾಯಿ, ಎಂದೆ.
ಸಾಕ್ಷಿಯ ಹುಡುಗ ನಕ್ಕು ಕೇಳಿದ:
'ಅದಿರಲಿ, ಎತ್ತು ಎಲ್ಲಿ? ಒಂದೇ ಕಾಣುತ್ತಿದೆ.
ನೊಗದವನು ಅಂತ ಬರೆಸಲು ನೊಗಕ್ಕೆ ಎರಡು ಕತ್ತು ಬೇಡವೆ?'

ಸ್ಮಿಕ್ರಿಯಾಸ ನೆಲ ನೋಡಿದ.
ಎತ್ತು ಸತ್ತದ್ದು ಬಿತ್ತನೆಗೆ ಒಂಬತ್ತು ದಿನ ಮುಂಚೆ.
ಮೆಲಿಟ್ಟ ಗಡಿಗೆ ಕೆಳಗಿಟ್ಟಳು,
ಎಡ ಹೆಗಲಿನ ಬಟ್ಟೆ ನಾಲ್ಕು ಬೆರಳು ಜರುಗಿಸಿದಳು.
ನೊಗ ಕೂತ ಜಾಗ,
ಒಡೆದ ಅಂಜೂರದ ಬಣ್ಣ.
'ಇನ್ನೊಂದು ಇಲ್ಲಿದೆ' ಎಂದಳು.

ನನ್ನ ಹಲಗೆಯಲ್ಲಿ ನಾಲ್ಕು ಮನೆ ಕೊರೆದಿತ್ತು,
ನಾಲ್ಕೂ ಗಂಡಸರವು.
ಮೇಣದ ಮೇಲೆ ಮೊನೆ ಇಟ್ಟು ಎಷ್ಟೋ ಹೊತ್ತು ಕೂತೆ.
ಮಾನ ಎಂಬ ಮಾತಿಗೆ ಎರಡು ಹಿಡಿ:
ಒಂದು ಅಳತೆ, ಒಂದು ಮರ್ಯಾದೆ.
ಕೊಳಗ ಎತ್ತುವಾಗ ಎರಡನ್ನೂ ಹಿಡಿಯಬೇಕು,
ಇಲ್ಲವಾದರೆ ಚೆಲ್ಲುತ್ತದೆ. ಅಂದು ಚೆಲ್ಲಿತು.
ಕಂಡದ್ದನ್ನೇ ಬರೆದೆ, ನೂರ ಎಂಬತ್ತಮೂರು.
ಅದು ಸುಳ್ಳಲ್ಲ.
ಇಪ್ಪತ್ತು ವರ್ಷದಿಂದ ಹಾಗೇ ಹೇಳಿಕೊಳ್ಳುತ್ತಿದ್ದೇನೆ.

ಗುರಾಣಿ ಈಗ ಜವೆಯ ಹಗೇವಿಗೆ ಮುಚ್ಚಳ.
ಇಲಿಗಳಿಗೆ ಅದರ ಚರಿತ್ರೆ ಗೊತ್ತಿಲ್ಲ.
ಮುಂದಿನ ಯುದ್ಧದಲ್ಲಿ ಅವನು ಕವಣೆಕಲ್ಲು ಹಿಡಿದು ಹೋದ,
ಸಾಲಿನ ಹಿಂದೆ, ಹೆಸರಿಲ್ಲದವರ ಜೊತೆ,
ಎರಡು ಬೆರಳು ಬಿಟ್ಟು ಬಂದ.
ಸಭೆಯಲ್ಲಿ ಹಿಂದಿನ ಸಾಲಿನಿಂದ ಕೈ ಎತ್ತುತ್ತಾನೆ.
ಮೂರೇ ಬೆರಳಿದ್ದರೂ ಒಂದು ಕೈ ಎಂದೇ ಲೆಕ್ಕ;
ಆ ಮಟ್ಟಿಗೆ ಕಟ್ಟಳೆ ಉದಾರಿ.

ನನ್ನದೇ ಕಣದಲ್ಲಿ ನಲವತ್ತು ಕೊಳಗ ಎಂದೂ ಆಗಿಲ್ಲ.
ಅಳತೆಗಾರನನ್ನು ಯಾರೂ ಕೇಳಲಿಲ್ಲ.

ಮೊನ್ನೆ ಉಳುಮೆಯ ಹೊತ್ತು, ಅವರ ಹೊಲದ ಬದುವಿನಲ್ಲಿ
ತಲೆ ತಗ್ಗಿಸಿಯೇ ದಾಟುತ್ತಿದ್ದೆ.
ಮುದಿ ಎತ್ತಿನ ಪಕ್ಕದಲ್ಲಿ ನೊಗ ಹೊತ್ತು
ಮುದುಕಿ ನಿಂತಿದ್ದಳು, ಉಸಿರಿಗಾಗಿ.
ಹಣೆಯಿಂದ ಬೆರಳಲ್ಲಿ ಬೆವರು ಬಳಿದು, ನನ್ನತ್ತ ಚಾಚಿ,
ಕೂಗಿ ಕೇಳಿದಳು:
'ಅಳತೆಗಾರಾ, ಇದನ್ನು ಒಣಗಿದ್ದು ಅಂತ ಬರೆಯುತ್ತೀಯೋ,
ಒದ್ದೆ ಅಂತಲೋ?'