ತಡ

ಆನಂದಪುರದ ಹಂಪ್ಸ್ ಮೇಲೆ ಗಾಡಿ ಕುಪ್ಪಳಿಸಿದಾಗ
ಎಡಗಾಲಿನ ಹತ್ತಿರ ನೆಲ ಬಾಯಿ ತೆರೆಯಿತು.
ಕ್ಲಚ್ಚಿನ ಪಕ್ಕ ಅಂಗೈಯಗಲದ ತೂತು,
ಅದರೊಳಗೆ ರಸ್ತೆ ಓಡುತ್ತಿತ್ತು
ನನಗಿಂತ ಅವಸರದಲ್ಲಿ.

ಹಿಂದೆ ಹನ್ನೆರಡು ಪೆಟ್ಟಿಗೆ ತಾರ್ಲೆ.
ಹೊನ್ನಾವರದಿಂದ ಘಟ್ಟ ಹತ್ತುವಷ್ಟು ಹೊತ್ತೂ
ಐಸು ಕರಗಿ, ಉಪ್ಪು ಬೆರೆತು,
ತಗಡಿನ ಸಂದಿ ಸಂದಿಗೆ ಇಳಿಯುತ್ತದೆ.
ಏಳು ವರ್ಷ ಈ ಗಾಡಿಗೆ
ಸಮುದ್ರ ಕುಡಿಸಿದ್ದೇನೆ, ಲೋಟ ಲೋಟವಾಗಿ.

ಶಿವಮೊಗ್ಗ. ಸಾಗರ ರಸ್ತೆಯ ಅಂಚಿನ ಶೆಡ್ಡು.
ಸಾಲ್ವದೋರ್ ಮೇಸ್ತ್ರಿ ಮೊದಲು ಮಾತಾಡಲಿಲ್ಲ.
ಹದಿನಾಲ್ಕರ ಸ್ಪ್ಯಾನರ್ ಹಿಡಿದು
ಬಾಗಿಲಿಂದ ಬಾಲದವರೆಗೆ ಬಡಿಯುತ್ತ ಹೋದರು,
ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ.
ಟಣ್. ಟಣ್. ಟಣ್.
ಡಬ್.
"ಇಲ್ಲಿ," ಅಂದರು.

ಬಣ್ಣ ಹಪ್ಪಳದಂತೆ ಉಬ್ಬಿತ್ತು.
ಉಗುರು ತಾಗಿಸಿದ್ದೇ ತಡ, ಉದುರಿತು.
ಒಳಗೆ ಕಬ್ಬಿಣವೇ ಇರಲಿಲ್ಲ,
ನಶ್ಯದಂಥ ಪುಡಿ, ಚಿಟಿಕೆಗೆ ಸಿಗುವಂಥದ್ದು.

"ಮಳೆ ಮೇಲೆ ತಪ್ಪು ಹಾಕಬೇಡ ಮಾರಾಯ.
ಮಳೆ ಬರ್ತದೆ, ಹೋಗ್ತದೆ.
ಕೂತ ನೀರು ಕೆಟ್ಟದ್ದು.
ಬಾಗಿಲಡಿ ಮೂರು ತೂತು ಯಾತಕ್ಕೆ ಅಂದ್ಕೊಂಡೆ,
ಕಂಪನಿಯವರ ಹತ್ರ ತೂತು ಹೆಚ್ಚಾಗಿತ್ತಾ?
ಹಿಡಿಕಡ್ಡಿ ಹಾಕಿ ಬಿಡಿಸು, ವಾರಕ್ಕೊಂದು ಸಲ.
ಮೀನು ಇಳಿಸಿದ ಕೂಡಲೇ ಸಿಹಿನೀರು ಬಿಡು,
ಹೊಟ್ಟೆಯಡಿಗೆ ಬಿಡು.
ಮುಖ ತೊಳೆಯೋದು ಎಲ್ಲರಿಗೂ ಗೊತ್ತು.
ಒಣಗಿದ ಮೇಲೆ ಗ್ರೀಸು.
ಹಸಿ ಇರುವಾಗ ಹಚ್ಚಿದೆಯೋ,
ನೀರಿಗೇ ಕಂಬಳಿ ಹೊದೆಸಿದ ಹಾಗೆ."

ಕೊಳೆತದ್ದನ್ನು ಕತ್ತರಿಸಿದರು. ಹೊಸ ತಗಡು ಬೆಸೆದರು.
ಅಂಚನ್ನು ಉಜ್ಜಿದರು, ಉಜ್ಜಿದರು,
ಲೋಹ ನಾಚಿ ಬಿಳುಪಾಗುವ ತನಕ.
ಆಮೇಲೆ ಡಬ್ಬಿ ತೆರೆದರು: ರೆಡ್ ಆಕ್ಸೈಡು.
ನನಗೆ ನಗು ಬಂತು.
ತುಕ್ಕು ತಡೆಯಲು ತುಕ್ಕಿನ ಬಣ್ಣವಾ?

"ಬಣ್ಣ ಅಲ್ಲ, ತುಕ್ಕೇ. ಅರೆದದ್ದು.
ಹಸಿದ ತುಕ್ಕಲ್ಲ ಇದು,
ಉಂಡು ಮಲಗಿದ ತುಕ್ಕು."

ಬೀಡಿ ಹಚ್ಚಿ ಶೆಡ್ಡಿನ ಗೋಡೆಗೆ ಒರಗಿದರು.
ಗಾರೆ ಕಾಣದ ಜಂಬಿಟ್ಟಿಗೆ;
ಎದ್ದಾಗ ಅಂಗಿಯ ಬೆನ್ನೆಲ್ಲ ಕೆಂಪು.
ನಾನು ಆ ಬೆನ್ನು ನೋಡಿದೆ, ಗೋಡೆ ನೋಡಿದೆ,
ನನ್ನ ಚಿಟಿಕೆಯಲ್ಲಿನ್ನೂ ಇದ್ದ ಪುಡಿ ನೋಡಿದೆ.
ಅವರು ಗಮನಿಸಿರಬೇಕು.

"ಹೌದು, ಈ ಕಲ್ಲೂ ಅದೇ.
ಇಲ್ಲಿನ ಗುಡ್ಡ, ರಸ್ತೆಬದಿಯ ಧೂಳು, ಎಲ್ಲ ಅದೇ.
ಕುಲುಮೆಗೆ ಹಾಕಿ ಎಬ್ಬಿಸಿ ತಂದದ್ದು,
ವಾಪಸು ಹೊರಟಿರ್ತದೆ.
ನಾವು ತಡೆಯೋರಲ್ಲ ಮಾರಾಯ,
ತಡ ಮಾಡೋರು."

"ಎಷ್ಟು ತಡ?"

"ತೊಳೆದರೆ ಹತ್ತು ವರ್ಷ.
ಇಲ್ಲಾಂದ್ರೆ ಬರೋ ಆಷಾಢಕ್ಕೆ ಬಾ,
ಎರಡು ಸಾವಿರ ತಗೊಂಡು."

ಈ ಸಲದ್ದು ಸಾವಿರದ ಎಂಟುನೂರು; ಐವತ್ತು ಬಿಟ್ಟರು.
ಅವರ ಸ್ಕೂಟರ್ ಹೊರಗೆ ನಿಂತಿತ್ತು,
ಮಡ್‌ಗಾರ್ಡ್ ಅರ್ಧ ಇಲ್ಲ.
ಕೇಳಲು ಹೋಗಲಿಲ್ಲ.

ರಾತ್ರಿ ಹೊನ್ನಾವರದಲ್ಲಿ ಟಾರ್ಚು ಬಾಯಲ್ಲಿ ಕಚ್ಚಿ
ಹಿಂಬಾಗಿಲಡಿಗೆ ಕಡ್ಡಿ ತೂರಿಸಿದೆ.
ಮೊದಲ ತೂತಿಂದ ಕೆಂಪು ನೀರು.
ಎರಡನೆಯದರಿಂದ ಮಣ್ಣು.
ಮೂರನೆಯದು ಎಷ್ಟು ಕೆದಕಿದರೂ ಬಿಡದೆ,
ಕೊನೆಗೆ ಉಗುಳಿತು
ಯಾವ ವರ್ಷದ್ದೋ ಒಂದು ತಾರ್ಲೆ ಹುರುಪೆ,
ಇನ್ನೂ ಬೆಳ್ಳಗೆ, ಹೊಳೆಯುತ್ತ.