ಹೊತ್ತು ಬರೆದವನ ಹೇಳಿಕೆ

ಕೂತುಕೋ ತಾಯಿ. ಆ ಕುರ್ಚಿಯ ಕಾಲು ಸ್ವಲ್ಪ ಕುಂಟು.
ಇದೇ ಆ ಪುಸ್ತಕ, ಬೆಡ್‌ಫರ್ಡ್ ಓಟದ ಸಂಘದ್ದು.
ಐವತ್ತನಾಲ್ಕರಿಂದ ಅರವತ್ತಾರರವರೆಗೆ
ಇದರೊಳಗಿನ ಅಂಕಿಯೆಲ್ಲ ನನ್ನ ಕೈಬರಹ.
ನಿನ್ನಪ್ಪನ ಹೆಸರು ಹುಡುಕಬೇಡ. ಸಿಗುವುದಿಲ್ಲ.

ಮೊದಲ ದಿನ ಬಂದದ್ದು ಕೆಲಸದ ಬೂಟಿನಲ್ಲೇ.
ಹುಬ್ಬಿನ ಮೇಲೆ ಇಟ್ಟಿಗೆಯ ಕೆಂಪು,
ಅಂಗೈಗೆ ಕಟ್ಟಿದ ಟ್ಯೂಬಿನ ರಬ್ಬರು ಇನ್ನೂ ಬಿಚ್ಚಿರಲಿಲ್ಲ.
ರಾತ್ರಿಯಿಡೀ ಬಿಸಿ ಗೂಡಿನಿಂದ ಇಟ್ಟಿಗೆ ಹೊರಗೆಳೆದು
ಬೆಳಿಗ್ಗೆ ಔಸ್ ನದಿಯ ದಂಡೆಗೆ ಆರು ಮೈಲಿ ಓಡಲು ಬಂದವನು.
(ಮೊಲೀಸೆಯ ಬೆಟ್ಟದಲ್ಲಿ ಅಂಚೆ ಚೀಲ ಹೊತ್ತು ಓಡುತ್ತಿದ್ದನೆಂದು
ನೀನು ಹೇಳಿ ಇವತ್ತೇ ಗೊತ್ತಾಯಿತು.)
ಹೆಸರೇನೆಂದೆ. ನಿಕಾಂದ್ರೊ, ಎಂದ.
ಗಾಳಿ ಬೀಸುತ್ತಿತ್ತು, ಚಿಮಣಿಗಳ ಗಂಧಕದ ನಾತ,
ಪೆನ್ಸಿಲ್ಲಿನ ಮೊನೆ ಮೊಂಡು,
ಅವನ ಹಿಂದೆ ಇನ್ನೂ ಇಪ್ಪತ್ತು ಮಂದಿ ನಿಂತಿದ್ದರು.
ನಿಕ್ ಆಂಡ್ರೂಸ್, ಎಂದು ಬರೆದುಕೊಂಡೆ.
ಬಗ್ಗಿ ನೋಡಿದ. ಓದಲು ಬರುತ್ತಿತ್ತೋ ಇಲ್ಲವೋ,
ತಲೆಯಾಡಿಸಿದ.
ಅಲ್ಲಿಗೆ ಮುಗಿಯಿತು ನಾಮಕರಣ.

ನೋಡು, ಇಲ್ಲಿ: ಆಂಡ್ರೂಸ್, ಹನ್ನೊಂದನೆಯವನು.
ಮುಂದಿನ ಚಳಿಗಾಲ ಆಂಡ್ರೂಸ್, ನಾಲ್ಕು.
ಕೆಸರು ಮೊಣಕಾಲಿಗೆ ಬಂದ ಆ ಫೆಬ್ರವರಿ ಆಂಡ್ರೂಸ್, ಒಂದು.
ಇದು ಲೂಟನ್ನಿನವರೆಗಿನ ರಸ್ತೆ, ಇಪ್ಪತ್ತು ಮೈಲಿ,
ಪಕ್ಕದಲ್ಲಿ ಚುಕ್ಕಿ ಇಟ್ಟದ್ದು ಏಕೆಂದು ಮರೆತೆ.
ಈ ಪುಟದಲ್ಲಿ ಅವನಿಲ್ಲ, ಇಟ್ಟಿಗೆಯ ರಾಶಿ ಜಾರಿ
ಹೆಗಲು ಮುರಿದ ವರ್ಷ.
ಇದು ಐವತ್ತೊಂಬತ್ತು, ಪೂರ್ತಿ ಮ್ಯಾರಥಾನ್,
ಎರಡು ಗಂಟೆ ಇಪ್ಪತ್ತಾರು ನಿಮಿಷ ನಲವತ್ತು ಸೆಕೆಂಡು.
ಗಡಿಯಾರ ಕೆಟ್ಟಿತೇನೋ ಎಂದು ಕಿವಿಗಿಟ್ಟು ಆಲಿಸಿದೆ.
ಕೆಟ್ಟಿರಲಿಲ್ಲ.
ಅವನು ಹುಲ್ಲಿನ ಮೇಲೆ ಕೂತು ರೊಟ್ಟಿ ಈರುಳ್ಳಿ ತಿನ್ನುತ್ತಿದ್ದ,
ಎರಡರ ಪಾಳಿಯ ಬಸ್ಸು ತಪ್ಪೀತೆಂದು ಬೇಗ ಬೇಗ.

ಈಗ ಚೀಲದಿಂದ ತೆಗೆದೆಯಲ್ಲ, ಆ ಕಾಗದ
ನನಗೆ ಹೊಸದು. ಕನ್ನಡಕ ಕೊಡು.
ರೋಮಿನಿಂದ ಕೇಳಿದ್ದಾರೆ, ಅರವತ್ತರ ಮಾರ್ಚಿನಲ್ಲಿ:
ನಿಕಾಂದ್ರೊ ಯಾನ್ನಾಕೋನೆ ಎಂಬ ಓಟಗಾರನ ಹೊತ್ತು
ನಿಮ್ಮ ದಫ್ತರದಲ್ಲಿ ಇದೆಯೇ?
ಕೆಳಗೆ ನಮ್ಮ ಕಾರ್ಯದರ್ಶಿಯ ಉತ್ತರದ ನಕಲು, ಒಂದೇ ಸಾಲು:
ಆ ಹೆಸರಿನವರು ಯಾರೂ ನಮ್ಮಲ್ಲಿ ಓಡಿದ್ದಿಲ್ಲ.

ಸುಳ್ಳಲ್ಲ. ಪುಸ್ತಕ ನೋಡಿಯೇ ಬರೆದಿದ್ದಾನೆ.
ಹುಡುಕಿದವನ ಕಣ್ಣು ಸರಿಯಿತ್ತು. ಬರೆದವನ ಕಿವಿ ಕಿವುಡು.

ನಿನ್ನಪ್ಪ ಆ ವಾರವೂ ಬಂದ. ಮುಂದಿನ ವಾರವೂ.
ಇನ್ನೂ ಆರು ವರ್ಷ ಬಂದ, ಐದನೆಯವನಾಗಿ, ಒಂಬತ್ತನೆಯವನಾಗಿ,
ಕೊನೆಕೊನೆಗೆ ನನ್ನ ಪಕ್ಕ ನಿಂತು
ಹುಡುಗರಿಗೆ ಕಿತ್ತಳೆಯ ತೊಳೆ ಹಂಚುವವನಾಗಿ.
ಒಮ್ಮೆಯಾದರೂ ಹೇಳಬಹುದಿತ್ತು.
ಶನಿವಾರ ಶನಿವಾರ, ನಿಕ್, ಎಂದು ಕೂಗುತ್ತಿದ್ದೆ,
ಹೂಂ, ಎನ್ನುತ್ತಿದ್ದ.

ಪೆನ್ನು ಬೇಕೆ? ತಗೋ. ಹೊಡೆದು ಹಾಕು, ನಿನ್ನ ಹಕ್ಕು.
ಬೇಡವೆನ್ನುತ್ತೀಯ.
ಓಡುವಾಗ ಅಪ್ಪನ ಮುಖ ಹೇಗಿರುತ್ತಿತ್ತು, ಎನ್ನುತ್ತೀಯ.

ಇದಕ್ಕೇನು ಹೇಳಲಿ. ಹನ್ನೆರಡು ವರ್ಷ
ಅವನು ಸೇತುವೆ ದಾಟಿ ತಿರುಗಿದೊಡನೆ ನನ್ನ ಕಣ್ಣು
ಅಂಗೈಯೊಳಗಿನ ಮುಳ್ಳಿನ ಮೇಲೆ.
ಗೆರೆ ಮುಟ್ಟುವ ಯಾರ ಮುಖವನ್ನೂ ನಾನು ನೋಡಿದವನಲ್ಲ.
ಸದ್ದು ಮಾತ್ರ ಗೊತ್ತು:
ಎಡಗಾಲು ಮೆತ್ತಗೆ, ಬಲಗಾಲು ಒಂದಿಷ್ಟು ಜೋರು,
ಬಾಗಿಲು ತಟ್ಟಿದವರು ತುಸು ತಡೆದು ಮತ್ತೆ ತಟ್ಟಿದ ಹಾಗೆ.

ಮನೆಯ ಮೆಟ್ಟಿಲ ಮೇಲೂ ಹಾಗೆಯೇ, ಎಂದೆಯಾ?
ಇರು, ಅದನ್ನೂ ಬರೆದುಕೊಳ್ಳುತ್ತೇನೆ.
ಮೊದಲು ಹೆಸರು. ಒಂದೊಂದೇ ಅಕ್ಷರ ಹೇಳು.
ಇವತ್ತು ಗಾಳಿಯಿಲ್ಲ.
ನಿನ್ನ ಹಿಂದೆ ಯಾರೂ ನಿಂತಿಲ್ಲ.