ಓದಿ ಹೇಳು

ಫಯಾಜನ ಗಾಜಿನ ಕಪಾಟಿನಲ್ಲಿ ಮೂರು ಇದ್ದವು.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಮಿಕ್ಸಿ ರಿಪೇರಿಯ ಪಕ್ಕ,
ಒಂದೂವರೆ ಬಾಗಿಲಿನ ಅಂಗಡಿ.
ಮೊದಲನೆಯದು ಮೂರು ಸಾವಿರ ಚಿಲ್ಲರೆ,
ಪೆಟ್ಟಿಗೆ ಮೇಲೆ ಕಂಪನಿ ಮುದ್ರೆ, ಒಳಗೆ ಸ್ಪಂಜಿನ ಹಾಸಿಗೆ.
ಎರಡನೆಯದಕ್ಕೆ ನೀಲಿ ಪ್ಲಾಸ್ಟಿಕ್ಕಿನ ಅಂಗಿ, ಆರುನೂರು.
ಮೂರನೆಯದು ಬರಿಮೈ:
ಎರಡು ಬೆರಳಗಲದ ಹಲಗೆ, ಒಂದು ತುದಿಗೆ ಯುಎಸ್‌ಬಿ ಮೂತಿ,
ಇನ್ನೊಂದಕ್ಕೆ ಹತ್ತು ಮುಳ್ಳು. ನೂರಾ ತೊಂಬತ್ತು.

"ಇದೂ ಅದೇ ಕೆಲಸ ಮಾಡ್ತದಾ?"
"ಮಾಡ್ತದೆ ಸಾರ್. ಮಾಡದಿದ್ರೆ ಯಾಕೆ ಅಂತ ನೀವೇ ಹುಡುಕ್ಕೋಬೇಕು."

ಅಷ್ಟು ಸಾಕಾಯಿತು.
ಹತ್ತೊಂಬತ್ತು ವರ್ಷ ಕರೆಂಟು ಕಂಬ ಹತ್ತಿದವನು,
ಮುಚ್ಚಳ ಹಾಕಿದ ಯಾವುದನ್ನೂ ನಾನು ನಂಬುವುದಿಲ್ಲ.
ಜೊತೆಗೆ ಎರಡು ಚಿಪ್ಪು ಕೊಂಡೆ,
ಕರಿ ಮೈ, ಬೆಳ್ಳಿ ಕಾಲು, ಥೇಟು ಜರಿಮರಿ.

ರಾತ್ರಿ ಜಯಶೀಲ ಸೊಪ್ಪು ಬಿಡಿಸುತ್ತಿದ್ದಳು.
ಮೇಜಿನ ಈಚೆ ತುದಿಯಲ್ಲಿ ನಾನು ಆರು ಎಳೆ ಬಿಡಿಸಿದೆ:
ಕೆಂಪು ಐದು ವೋಲ್ಟು, ಕಪ್ಪು ನೆಲ,
ಹೇಳುವುದಕ್ಕೊಂದು, ಕೇಳುವುದಕ್ಕೊಂದು, ತಾಳಕ್ಕೊಂದು,
ಚಿಪ್ಪನ್ನು ಗದರಿ ಕೂರಿಸುವುದಕ್ಕೊಂದು.
ಮೊದಲು ಕೇಳಬೇಕು, ನೀನು ಯಾರು?
ಅದು ತನ್ನ ಸಹಿ ಹೇಳಬೇಕು.
ಸೊನ್ನೆ ಸೊನ್ನೆ ಸೊನ್ನೆ, ಅಂದಿತು.
ತಂತಿ ಬದಲಿಸಿದೆ. ಸೊನ್ನೆ ಸೊನ್ನೆ ಸೊನ್ನೆ.
"ಕಮ್ಮಿ ದುಡ್ಡಿಗೆ ತಂದ್ರೆ ಹಿಂಗೇಯ" ಅಂದಳು ಜಯಶೀಲ,
ದಂಟು ಒಂದು ಕಡೆ, ಎಲೆ ಒಂದು ಕಡೆ ಮಾಡುತ್ತ.

ಮೂರನೇ ರಾತ್ರಿ ತಿಳಿಯಿತು. ತಪ್ಪು ಅಗ್ಗದ್ದಲ್ಲ, ಅವಸರದ್ದು.
ಹೊಸ ಚಿಪ್ಪು ನಿಧಾನದ ಪ್ರಾಣಿ;
ಅದರ ನಾಡಿಯ ಕಾಲುಭಾಗಕ್ಕಿಂತ ಮೆಲ್ಲಗೆ ಆಡಿದರೆ ಮಾತ್ರ
ಮಾತು ಅದರ ಕಿವಿಗೆ ಮಾತಾಗುತ್ತದೆ.
ಹಲಗೆಯ ಮೇಲೆ ಒಂದು ಜೋಡಿ ತೂತು ಖಾಲಿಯಿತ್ತು,
ಅಲ್ಲೊಂದು ತುಂಡು ತಂತಿ ಬೆಸೆದೆ.
ಆಗ ಬಂತು:
ಒಂದು ಇ, ಒಂಬತ್ತು ಮೂರು, ಸೊನ್ನೆ ಏಳು.

ಎರಡನೇ ಚಿಪ್ಪನ್ನು ನಾನೇ ಕೆಡಿಸಿದೆ.
ಪರದೆ ಮೇಲೆ 'ಫ್ಯೂಸ್' ಎಂದು ಕಂಡದ್ದೇ
ನಮ್ಮ ಮನೆಮಾತು ಅಂದುಕೊಂಡೆ.
ಕಂಬದ ಫ್ಯೂಸು ಹೋದರೆ ತಂತಿ ಸುತ್ತಿ ಬರುತ್ತೇವೆ;
ಇಲ್ಲಿ ಒಂದು ಚೌಕ ತಪ್ಪಿ ಒತ್ತಿದೆ, ಚಿಪ್ಪು ಕಲ್ಲಾಯಿತು.
ಫಯಾಜ್ ಅದರ ಎರಡು ಕಾಲಿಗೆ ಹರಳು ತಾಗಿಸಿ ನಕ್ಕ:
"ಸತ್ತಿಲ್ಲ ಸಾರ್, ತಾಳಕ್ಕೆ ಕಾಯ್ತಾ ಇತ್ತು."

ಹೊನ್ನಗಿರಿಯ ಎದೆ ಒತ್ತಿ ಒತ್ತಿ
ನಾನೂ ಹಾಗೇ ಅಂದಿದ್ದೆ, ದುದ್ದದ ರಸ್ತೆಯ ಮಗ್ಗುಲಲ್ಲಿ.
ಸಬ್‌ಸ್ಟೇಷನ್ನಿಗೆ ಫೋನು ಮಾಡಿದವನು ನಾನು.
ಆರನೇ ಫೀಡರು ಆಫ್ ಮಾಡು ಅಂದೆ.
ಗಾಳಿಯಲ್ಲಿ ಆರು ಮೂರಾಯಿತು.
"ಸರಿ" ಅಂದ ಅವನು. "ಸರಿ" ಅಂದೆ ನಾನು.
ಹೊನ್ನಗಿರಿ ಹತ್ತಿದ.

ಈ ನೂರಾ ತೊಂಬತ್ತರ ಹಲಗೆ
ಬರೆದ ಮೇಲೆ ಸುಮ್ಮನೆ ಎದ್ದು ಹೋಗುವುದಿಲ್ಲ.
ಬರೆದದ್ದನ್ನೆಲ್ಲ ಚಿಪ್ಪಿನ ಬಾಯಲ್ಲಿ ಮತ್ತೆ ಹೇಳಿಸುತ್ತದೆ,
ಒಂದೊಂದು ಅಕ್ಷರ.
ಒಂದು ತಪ್ಪಿದರೂ ಇಡೀ ಕೆಲಸ ಸುಳ್ಳು ಅನ್ನುತ್ತದೆ.
ಸಾಲಗಾಮೆ ರಸ್ತೆಯ ದೊಡ್ಡ ಬಿಳಿ ತಟ್ಟೆಗಳೂ
ಉಪಗ್ರಹಕ್ಕೆ ಹೇಳಿದ್ದನ್ನು ಹೀಗೇ ಹಿಂದಕ್ಕೆ ಕೇಳಿಸಿಕೊಳ್ಳುತ್ತವಂತೆ.
ಅಷ್ಟು ದೂರ ಯಾಕೆ,
ದುದ್ದ ಹನ್ನೆರಡೇ ಮೈಲಿ ಇತ್ತು.

ಆರುನೂರಾ ಹನ್ನೆರಡು ಬೈಟು. ಹೊಂದಿದವು.
ಹೆಲ್ಮೆಟ್ಟಿನ ಅಂಚಿಗೆ ಕಟ್ಟಿ ಗೋಡೆಯ ತಂತಿ ಹತ್ತಿರ ತಂದರೆ
ಮರಿಕೋಳಿಯ ಹಾಗೆ ಕೀಂ ಅನ್ನುತ್ತದೆ.

ಬೆಳಿಗ್ಗೆ ಗ್ಯಾಂಗಿಗೆ ಹೊಸದಾಗಿ ಬಂದ ಪ್ರಜ್ವಲನ ತಲೆಗೆ ಇಟ್ಟೆ.
ಇದು ಕೂಗಿದರೆ ಇಳಿ.
ಕೂಗದಿದ್ದರೂ ನಂಬಬೇಡ, ಅಗ್ಗದ ಮಾಲು, ನನ್ನ ಕೈಕೆಲಸ.
ಫೋನು ಮಾಡು, ಅರ್ಥಿಂಗ್ ಕಟ್ಟು, ಆಮೇಲೆ ಹತ್ತು.
"ಸರಿ ಅಣ್ಣ" ಅಂದ.

ಸರಿ ಅನ್ನಬೇಡ.
ನಾನೇನು ಹೇಳಿದೆ, ಅದನ್ನು ಹೇಳು.